ಎಲ್ಲಾ ಊರಿನ ನಾಗೇಂದ್ರಪ್ಪ

ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರು ಪಾತ್ರೆ ಅಂಗಡಿ ಇಟ್ಟಿರುವ ನಾಗೇಂದ್ರಪ್ಪನಿಗೆ ಮೂಲ ಊರು ಎಂಬುದು ಇರಲಿಲ್ಲ. ಅಯ್ಯೋ ಪಾಪ ಅನ್ನಬೇಡಿ. ಆ ಕೊರತೆಯನ್ನು ಅವನು ಬೇರೆಯವರ ಊರುಗಳಿಂದ ಧಾರಾಳವಾಗಿ ತುಂಬಿಕೊಂಡಿದ್ದ. ಪಕ್ಕದ ಮಳಿಗೆಯಲ್ಲಿ ಹೊಲಿಗೆ ಮಿಷನ್ ತುಳಿಯುವವನು ನಾನು. ನಮ್ಮಿಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ. ಹಾಗಾಗಿ ಅವನು ಯಾವ ದಿನ ಯಾವ ಊರಿನವನಾದ ಎಂಬುದೆಲ್ಲ ಬೇಡವೆಂದರೂ ನನ್ನ ಕಿವಿಗೆ ಬೀಳುತ್ತಿತ್ತು.

ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಮದುವೆಗೆ ಮುಯ್ಯಿ ಮಾಡುವ ಕೊಡಪಾನವಾದರಂತೂ ಹೆಸರಿನ ಜೊತೆ ಊರೂ ಇರಬೇಕು. ಇಲ್ಲದಿದ್ದರೆ ಮದುವೆ ಮನೆಯವರು ಅದನ್ನು ಇನ್ಯಾರದೋ ಕೊಡಪಾನ ಎಂದುಕೊಂಡು ಇನ್ಯಾರಿಗೋ ಉಪಕಾರ ತೀರಿಸಿಬಿಡುತ್ತಾರೆ. ಆದ್ದರಿಂದ ಹೆಸರು ಹಾಕುವ ಮಿಷನ್ನನ್ನು ಕೈಗೆತ್ತಿಕೊಂಡ ಕೂಡಲೇ ನಾಗೇಂದ್ರಪ್ಪ "ಯಾವೂರ್ರಿ?" ಎಂದು ಕೇಳುತ್ತಿದ್ದ. ಗಿರಾಕಿ ಗೋವಿನಕೋವಿ ಎನ್ನುತ್ತಿದ್ದರು. ಮಿಷನ್ ನಿಲ್ಲುತ್ತಿತ್ತು. ನಾಗೇಂದ್ರಪ್ಪ ಕನ್ನಡಕ ತೆಗೆದು, ಗಿರಾಕಿಯ ಮುಖವನ್ನು ಕಳೆದುಹೋದ ಎಮ್ಮೆ ಸಿಕ್ಕವನಂತೆ ನೋಡಿ, ನಮ್ಮೂರೋರೇ ಆಗ್ಬಿಟ್ರಲ್ಲ ಎನ್ನುತ್ತಿದ್ದ.

ಇದರಲ್ಲಿ ಅವನದೊಂದು ಕ್ರಮವಿತ್ತು. ಅವನು ಯಾವತ್ತೂ ಪೂರ್ತಿ ಸುಳ್ಳು ಹೇಳುತ್ತಿರಲಿಲ್ಲ. ಅರ್ಧ ಕೇಳುತ್ತಿದ್ದ, ಉಳಿದರ್ಧವನ್ನು ಎದುರಿನವರೇ ತುಂಬುತ್ತಿದ್ದರು. "ಆ ಬಾವಿ ಹತ್ರ ಒಂದು ಮನೆ ಇತ್ತಲ್ರಿ..." ಎಂದು ಎಳೆದರೆ, ಅವರು "ಹಂಚಿನ ಮನೆನಾ? ಬಸಣ್ಣಾರದು?" ಎನ್ನುವರು. "ಹ್ಞೂ, ಅದರ ಮಗ್ಗುಲಾಗಿಂದು" ಎಂದರೆ ಮುಗಿಯಿತು, ಆ ಊರಿನಲ್ಲಿ ನಾಗೇಂದ್ರಪ್ಪನಿಗೆ ಒಂದು ಮನೆ ಎದ್ದು ನಿಂತಂತೆಯೇ. ಅಂಥ ಮನೆಗಳು ಅವನಿಗೆ ಹೊನ್ನಾಳಿಯಲ್ಲಿ, ಚನ್ನಗಿರಿ ಪಕ್ಕದ ನಲ್ಲೂರಿನಲ್ಲಿ, ಗೋವಿನಕೋವಿಯಲ್ಲಿ ಎಲ್ಲ ಇದ್ದವು. ನ್ಯಾಮತಿ ತಾಲ್ಲೂಕು ಕೇಂದ್ರವಾಗಿ ಹೊಸ ಹೊಸ ಆಫೀಸುಗಳು ಬಂದ ಮೇಲೆ, ಅಲ್ಲಿಗೆ ಬಂದ ಅಧಿಕಾರಿಗಳ ಊರುಗಳಲ್ಲೂ ಎದ್ದವು. ಸರ್ವೆ ಆಫೀಸಿನವರೊಬ್ಬರು ಇವನ ಮಾತಿಗೆ ಮರುಳಾಗಿ, ವರ್ಗವಾಗಿ ಹೋಗುವಾಗ ಬಂದು ಕಾಲು ಮುಟ್ಟಿ ಹೋದರು.

ಇದರಿಂದ ಅವನಿಗೆ ಲಾಭ ಏನಿತ್ತು ಎಂದು ಕೇಳಿದರೆ ಏನೂ ಇರಲಿಲ್ಲ. ನಮ್ಮೂರವರು ಎಂದಮೇಲೆ ರೇಟು ಇಳಿಸಬೇಕು, ಚಹಾ ತರಿಸಬೇಕು. ಅವನ ಹೆಂಡತಿ ಸಾವಂತ್ರಮ್ಮ ಇದನ್ನು ನೋಡಿ ನೋಡಿ ಹಲ್ಲು ಕಡಿಯುವುದನ್ನೂ ಬಿಟ್ಟಿದ್ದಳು.

ಅವನ ಅಪ್ಪ ಕೂಸಾಗಿದ್ದಾಗ ಯಾವುದೋ ಹೆಂಗಸಿನ ಸೊಂಟದ ಮೇಲೆ ಕೂತು ನ್ಯಾಮತಿ ಸಂತೆಗೆ ಬಂದದ್ದಂತೆ. ಬಹುಶಃ ತಾಯಿಯೇ ಇರಬೇಕು. ಆಕೆ ಜ್ವರ ಬಂದು ಸಂತೆ ಮಾಳದಲ್ಲೇ ತೀರಿಕೊಂಡಳು. ಸಾಯುವ ಮುಂಚೆ ತಾನು ಯಾವ ಜನ ಎಂದು ಹೇಳಿದಳಂತೆ. ನಮ್ಮ ದೇಶದಲ್ಲಿ ಮೊದಲು ಹೇಳುವುದು ಅದನ್ನೇ ತಾನೇ. ಯಾವ ಊರು ಎಂದು ಹೇಳಲು ಉಸಿರು ಸಾಲಲಿಲ್ಲ. ಪಾತ್ರೆ ಸಾಹುಕಾರರೊಬ್ಬರು ಆ ಕೂಸನ್ನು ಸಾಕಿದರು. ದೊಡ್ಡವನಾದ ಮೇಲೆ ಅವನಿಗೆ ನೆನಪಿದ್ದದ್ದು ಒಂದು ಕಲ್ಲುಬಾವಿ, ಒಂದು ಬೇವಿನ ಮರ, ಒಂದು ಆಂಜನೇಯನ ಗುಡಿ. ಈ ಮೂರೂ ಇರುವ ಊರು ಹುಡುಕಲು ಹೊರಟರೆ ನಮ್ಮ ಜಿಲ್ಲೆಯ ಎಲ್ಲ ಊರುಗಳೂ ಸಿಗುತ್ತವೆ.

ಹೀಗಿರುವಾಗ ವಿನಯ್ ಕುಮಾರ್ ಎಂಬ ಹುಡುಗ ಹಾಂಗ್‌ಕಾಂಗ್‌ನಿಂದ ವಾಪಸು ಬಂದ. ಅಲ್ಲಿ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಗೋಬಿ ಮಂಚೂರಿ ಗಾಡಿ ಹಾಕಿದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿಯ ಸುದ್ದಿ ಹೇಳುತ್ತಿದ್ದ. ಅಲ್ಲಿಯವರ ಭಾಷೆ ಕ್ಯಾಂಟನೀಸ್ ಅಂತೆ. ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಬೆಳೆದವನಿಗೂ ಅಲ್ಲಿ ಒಂದು ಹ್ಯೋಂಗ್‌ಹಾ ಇರುತ್ತದಂತೆ, ಅಂದರೆ ತಾತ ಮುತ್ತಾತಂದಿರ ಊರು. ಅದನ್ನು ಕಣ್ಣಿಂದ ನೋಡಿರಲೇಬೇಕು ಎಂದೇನಿಲ್ಲ. ಇಬ್ಬರಿಗೂ ಅದೇ ಊರಾದರೆ ಅವರು ಥುಂಗ್‌ಹ್ಯೋಂಗ್. ಬಾಯಿ ತುಂಬ ಕರೆಯಬೇಕಾದರೆ ಹ್ಯೋಂಗ್‌ಲೇಯ್. ಹಾಗೆಂದು ಗೊತ್ತಾದರೆ ಗುರುತಿಲ್ಲದವನನ್ನೂ ಕೂರಿಸಿ ಊಟ ಹಾಕುತ್ತಾರಂತೆ, ಕೆಲಸ ಹುಡುಕಿ ಕೊಡುತ್ತಾರಂತೆ.

ನಾಗೇಂದ್ರಪ್ಪ ಇದನ್ನು ಕೇಳಿ ತಟ್ಟೆಯಲ್ಲಿದ್ದ ಗೋಬಿಯನ್ನು ಮರೆತ. ಇಷ್ಟು ದಿನ ಅವನ ಚಟಕ್ಕೆ ಹೆಸರಿರಲಿಲ್ಲ, ಈಗ ಚೀನಾದ ಹೆಸರು ಸಿಕ್ಕಿತು. ಸಾವಂತ್ರಮ್ಮ ಬಯ್ದಾಗಲೆಲ್ಲ, ಅಷ್ಟು ದೊಡ್ಡ ದೇಶದಾಗೇ ಮಾಡ್ತಾರೆ ಎಂದು ವಾದಿಸತೊಡಗಿದ. ಹೊನ್ನಾಳಿ ಬಸ್ಸಿನ ಕಂಡಕ್ಟರಿಗೂ ಥುಂಗ್‌ಹ್ಯೋಂಗ್ ಎನ್ನಲು ಕಲಿಸಿದ. ಮೂರು ಪದಗಳಲ್ಲಿ ಕೊನೆಯ ಎರಡು ಅವನಿಗೆ ಬಾಯಿಪಾಠವಾದವು. ಮೊದಲನೆಯದು, ತಾತ ಮುತ್ತಾತಂದಿರ ಊರು ಎಂಬ ಪದ ಮಾತ್ರ, ಎಷ್ಟು ಸಲ ಹೇಳಿಕೊಟ್ಟರೂ ಮರೆಯುತ್ತಿತ್ತು ಎಂದು ವಿನಯ್ ಕುಮಾರ್ ಆಮೇಲೆ ನನಗೆ ಹೇಳಿದ.

ನಾಗೇಂದ್ರಪ್ಪನ ಮಗಳು ಕಾವ್ಯಶ್ರೀ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಒಂದು ಮಳೆಗಾಲ ಸೊಸೈಟಿಯ ಕರೆಂಟು ಮೇಲಿಂದ ಮೇಲೆ ಹೋಗತೊಡಗಿತು. ಅದನ್ನು ಸರಿಮಾಡಲು ಬರುತ್ತಿದ್ದ ಲೈನ್‌ಮ್ಯಾನ್ ದುರುಗೇಶ್ ಜಗಳೂರು ಕಡೆಯ ಹುಡುಗ. ಮಳೆಗಾಲ ಮುಗಿದ ಮೇಲೂ ಸೊಸೈಟಿಯ ಕರೆಂಟು ಹೋಗುವುದು ನಿಲ್ಲದಿದ್ದಾಗ ಊರಿನವರಿಗೆ ವಿಷಯ ಅರ್ಥವಾಯಿತು. ಹುಡುಗ ಒಳ್ಳೆಯವನು, ಸರ್ಕಾರಿ ಸಂಬಳ, ನಮ್ಮದೇ ಜನ. ಸಾವಂತ್ರಮ್ಮ ಫೋನಿನಲ್ಲೇ ಮಾತುಕತೆ ಮಾಡಿ ಮುಕ್ಕಾಲು ಮುಗಿಸಿದಳು. ಉಳಿದದ್ದು ಹಿರಿಯರು ಬಂದು ಹೆಣ್ಣು ನೋಡಿ, ಮೂಲ ಕೇಳುವ ಶಾಸ್ತ್ರ ಮಾತ್ರ.

ನಮ್ಮ ಜನರಲ್ಲಿ ಗೋತ್ರ ಗೀತ್ರ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ, ಮೂಲ ಊರು. ಎರಡು ಮನೆಯ ಮೂಲ ಬೇರೆ ಬೇರೆಯಾದರೆ ಬೀಗರಾಗಬಹುದು. ಒಂದೇ ಮೂಲದವರಾದರೆ ಅವರು ಅಣ್ಣತಮ್ಮಂದಿರು, ಆ ಮನೆಯ ಹುಡುಗಿ ಈ ಮನೆಯ ಹುಡುಗನಿಗೆ ತಂಗಿ. ನಾಗೇಂದ್ರಪ್ಪನ ಮದುವೆಯಲ್ಲಿ ಸಾಹುಕಾರರು ನ್ಯಾಮತಿಯೇ ಮೂಲ ಎಂದುಕೊಳ್ಳಿ ಎಂದಿದ್ದರು, ಅಲ್ಲಿಗೆ ನಡೆದುಹೋಗಿತ್ತು. ಆದ್ದರಿಂದ ಈ ಸಲವೂ ನ್ಯಾಮತಿ ಎಂದರೆ ಸಾಕು, ಬೇರೆ ಏನೂ ಬೊಗಳಬೇಡ ಎಂದು ಸಾವಂತ್ರಮ್ಮ ಗಂಡನಿಗೆ ವಾರದಿಂದ ಪಾಠ ಹೇಳಿದ್ದಳು. ಅಂದು ಬೆಳಿಗ್ಗೆ, ಮನೆಯಲ್ಲಿದ್ದರೆ ಕಾಲಿಗೆ ಅಡ್ಡ ಬರುತ್ತಾನೆಂದು, ಕರೆದಾಗ ಬಾ ಎಂದು ಅಂಗಡಿಗೆ ಕಳಿಸಿದಳು. ಅವಳು ಮಾಡಿದ ತಪ್ಪು ಅದೊಂದೇ.

ಜಗಳೂರಿನಿಂದ ಬಂದವರು ಬಸ್ ಇಳಿದು ಹೋಟೆಲಿಗೆ ಹೋದರು. ಅವರಲ್ಲಿ ಒಬ್ಬರು, ಬಿಳೀ ಅಂಗಿಯ ಎತ್ತರದ ಮನುಷ್ಯ, ಹೆಣ್ಣಿನ ಮನೆಗೆ ಬರಿಗೈಲಿ ಹೋಗುವುದು ಹೇಗೆಂದು ನಾಗೇಂದ್ರಪ್ಪನ ಅಂಗಡಿಗೆ ಬಂದು ಕುಂಕುಮದ ಭರಣಿ ಕೇಳಿದರು. ಅವರೇ ದುರುಗೇಶನ ಅಪ್ಪ ರಂಗಣ್ಣ. ಹೆಣ್ಣಿನ ಅಪ್ಪನ ಅಂಗಡಿಯಲ್ಲೇ ನಿಂತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಬಂದವರು ಯಾರೆಂದು ಇವನಿಗೂ ಗೊತ್ತಿರಲಿಲ್ಲ. ಹೆಸರು ಹಾಕಲು ಇವನು ಯಾವೂರ್ರಿ ಎಂದ.

"ಈಗ ಇರೋದು ಜಗಳೂರು ಕಡೆ" ಎಂದರು ರಂಗಣ್ಣ. "ಮೂಲ ಬ್ಯಾರೆ. ಬನ್ನೀಕಟ್ಟೆ ಅಂತ. ಹೇಳಿದ್ರೂ ನಿಮಗೆ ಗೊತ್ತಾಗಾಕಿಲ್ಲ ಬಿಡ್ರಿ, ಪ್ಲೇಗಿನಾಗೆ ಹಾಳಾದ ಊರು."

ತಗಡಿನ ಈಚೆ ನಾನು ಹೊಲಿಗೆ ನಿಲ್ಲಿಸಿ, ಅಂಚಿನಿಂದ ಇಣುಕಿದೆ. ನಾಗೇಂದ್ರಪ್ಪನಿಗೆ ಇಷ್ಟು ವರ್ಷದಲ್ಲಿ ಹಾಳೂರು ಒಂದು ಸಿಕ್ಕಿರಲಿಲ್ಲ. ಅಲ್ಲಿ ಇಲ್ಲ ಎನ್ನಲು ಒಂದು ನರಪಿಳ್ಳೆಯೂ ಇಲ್ಲ. ಆ ಆಸೆಯಲ್ಲಿ ಜಗಳೂರು ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ.

"ಹಾಳ್ ಬನ್ನೀಕಟ್ಟೆನಾ?" ಎಂದ ಅವನು, ದನಿ ಇಳಿಸಿ. "ಆ ಆಂಜನೇಯನ ಗುಡಿ ಇನ್ನೂ ನಿಂತೈತೇನ್ರಿ?"

ರಂಗಣ್ಣ ಹತ್ತಿರದಲ್ಲಿದ್ದ ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಕೂತುಬಿಟ್ಟರು. ಗೋಡೆ ಬಿದ್ದಿದೆ, ದೇವರು ಹಾಗೇ ಇದ್ದಾನೆ ಎಂದರು. ಬಾವಿ ಎಂದು ಇವನು ಎಳೆದ. ಹೂಳು ತುಂಬಿದೆ ಎಂದು ಅವರು ಹೇಳಿದರು. ಬೇವಿನ ಮರ ಎಂದ. ಅದು ಸಿಡಿಲಿಗೆ ಹೋಯಿತು ಎಂದು ಅವರು ಕಣ್ಣು ಒರೆಸಿಕೊಂಡರು. ಊರು ಚದುರಿದಾಗ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು, ತನ್ನ ಅಪ್ಪ ಸಾಯುವವರೆಗೂ ನಮ್ಮೂರವರು ಯಾರಾದರೂ ಸಿಗುತ್ತಾರಾ ಎಂದು ಜಾತ್ರೆ ಸಂತೆಗಳಲ್ಲಿ ಕೇಳುತ್ತಿದ್ದ, ತಮ್ಮ ಮನೆಯವರನ್ನು ಬಿಟ್ಟರೆ ಆ ಊರಿನ ಒಂದು ಮುಖವನ್ನೂ ತಾವು ಕಂಡಿಲ್ಲ ಎಂದರು.

ಅವರು ಎದ್ದು ನಾಗೇಂದ್ರಪ್ಪನನ್ನು ತಬ್ಬಿಕೊಂಡು, "ನೀನು ನನಗೆ ತಮ್ಮ ಆಗ್ಬೇಕಪ್ಪಾ" ಎಂದರು. ಥುಂಗ್‌ಹ್ಯೋಂಗ್ ಎನ್ನಬೇಕೆಂದು ನಾಗೇಂದ್ರಪ್ಪ ಬಾಯಿ ತೆರೆದದ್ದು ನನಗೆ ಗೊತ್ತು. ಆದರೆ ಅವನು ಅವರ ಬೆನ್ನಿನ ಮೇಲೆ ಕೈ ಇಟ್ಟು ಹಾಗೇ ನಿಂತುಬಿಟ್ಟ. ಯಾವ ಗಿರಾಕಿಯೂ ಅವನನ್ನು ಹಾಗೆ ತಬ್ಬಿಕೊಂಡಿರಲಿಲ್ಲ.

ಇನ್ನೊಂದು ಗಂಟೆಯಲ್ಲಿ ನಾವೆಲ್ಲ ನಾಗೇಂದ್ರಪ್ಪನ ಮನೆಯಲ್ಲಿದ್ದೆವು. ನನ್ನನ್ನು ಪಕ್ಕದ ಮಳಿಗೆಯ ಹಿರಿಯ ಎಂದು ಕರೆದಿದ್ದರು. ಗಂಡಿನ ಕಡೆಯವರು ಒಳಗೆ ಬಂದರು. ರಂಗಣ್ಣ, ಅವರ ಹೆಂಡತಿ ಗಾದ್ರಮ್ಮ, ಹಿಂದೆ ದುರುಗೇಶ್, ಮುಂದೆ ರಂಗಣ್ಣನ ಚಿಕ್ಕಪ್ಪ ಮೂಕಪ್ಪ. ಮೂಕಪ್ಪ ಎಂದು ಹೆಸರಿಟ್ಟವರು ಈಗ ಬದುಕಿಲ್ಲ, ಇದ್ದಿದ್ದರೆ ಅವರ ಮಾತು ಕೇಳಿ ಹೆಸರು ಬದಲಾಯಿಸುತ್ತಿದ್ದರು. ರಂಗಣ್ಣ ನಾಗೇಂದ್ರಪ್ಪನನ್ನು ಕಂಡದ್ದೇ ತಡ, ಚಪ್ಪಲಿ ಬಿಡುವುದನ್ನೂ ಮರೆತು ಮತ್ತೊಮ್ಮೆ ತಬ್ಬಿಕೊಂಡರು. ಬೀಗರು ಆಗಲೇ ಇಷ್ಟು ಒಂದಾದದ್ದು ಕಂಡು ಸಾವಂತ್ರಮ್ಮನ ಮುಖ ಅರಳಿತು. ಬಾಗಿಲ ಸಂದಿಯಲ್ಲಿ ನಿಂತ ಕಾವ್ಯಶ್ರೀ ದುರುಗೇಶನನ್ನು ನೋಡಿ ನಕ್ಕಳು. ಆ ಹುಡುಗಿ ಅಷ್ಟು ನಿರಾಳವಾಗಿ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಮಂಡಕ್ಕಿ ಮೆಣಸಿನಕಾಯಿ ಆಯಿತು, ಚಹಾ ಆಯಿತು. ಮೂಕಪ್ಪ ಗಂಟಲು ಸರಿಮಾಡಿಕೊಂಡು ನಿಮ್ಮ ಮೂಲ ಯಾವುದು ಎಂದು ಕೇಳಿದರು. ಸಾವಂತ್ರಮ್ಮ ಗಂಡನ ಕಡೆ ಕಣ್ಣು ಬಿಟ್ಟಳು. ನಾಗೇಂದ್ರಪ್ಪ ನ್ಯಾ ಎಂದು ಶುರುಮಾಡಿದ. ಅಷ್ಟರಲ್ಲಿ ರಂಗಣ್ಣ ಅವನ ತೊಡೆ ತಟ್ಟಿ, ಮನೆಗೆಲ್ಲ ಕೇಳುವಂತೆ, "ಅದನ್ನೇನ್ ಕೇಳ್ತೀಯ ಚಿಗಪ್ಪ, ನಮ್ಮ ಬನ್ನೀಕಟ್ಟೆಯೋರೇ ಇವ್ರು" ಎಂದರು.

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ಕೇಳಿಸಿತು. ಬಾಯಿ ಹಾಗೇ ತೆರೆದುಕೊಂಡಿತ್ತು. ಮೂಕಪ್ಪ ಲೋಟ ಕೆಳಗಿಟ್ಟರು. ಗಾದ್ರಮ್ಮ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದರು. ಕಾವ್ಯಶ್ರೀ ಅಪ್ಪನ ಮುಖ ನೋಡುತ್ತಾ ನಿಂತಳು.

ನಾಗೇಂದ್ರಪ್ಪ ಎದ್ದು ನಿಂತು ತಾನು ಹೇಳಿದ್ದು ಸುಳ್ಳು ಎಂದ. ಬನ್ನೀಕಟ್ಟೆ ಯಾವ ದಿಕ್ಕಿಗಿದೆ ಎಂಬುದೂ ತನಗೆ ಗೊತ್ತಿಲ್ಲ, ಗಿರಾಕಿಗಳ ಜೊತೆ ಹಾಗೆ ಮಾತಾಡುವುದು ಒಂದು ರೂಢಿ ಎಂದ. ಅವನು ಬದುಕಿನಲ್ಲಿ ಊರಿನ ವಿಷಯವಾಗಿ ಹೇಳಿದ ಮೊದಲ ನಿಜ ಅದು. ಯಾರೂ ನಂಬಲಿಲ್ಲ. ಬಾವಿ ಹೇಳಿದ, ಮರ ಹೇಳಿದ, ಗುಡಿ ಹೇಳಿದ, ಈಗ ಮಗಳ ಮದುವೆಗೋಸ್ಕರ ಹುಟ್ಟಿದ ಮೂಲವನ್ನೇ ಇಲ್ಲ ಎನ್ನುತ್ತಿದ್ದಾನಲ್ಲ ಎಂದು ಗಾದ್ರಮ್ಮ ಬೆರಗಾದರು. ಸಾವಂತ್ರಮ್ಮ ನ್ಯಾಮತಿ, ಸಾಹುಕಾರರು ಎಂದೆಲ್ಲ ಹೇಳಿದಳು. ಅದು ಸಾಕಿದ ಊರು, ಮೂಲ ಅಲ್ಲ ಎಂದು ಮೂಕಪ್ಪ ತಳ್ಳಿಹಾಕಿದರು. ಆಮೇಲೆ ಹುಡುಗನ ಮುಖ ನೋಡಿ ಅವರಿಗೂ ಕರುಳು ಚುರುಕ್ ಎಂದಿರಬೇಕು, ಒಂದು ದಾರಿ ಹೇಳಿದರು. ನಾಗೇಂದ್ರಪ್ಪನ ಮೂಲ ಬೇರೆ ಎಂದು ಆ ಬೇರೆ ಊರಿನ ಯಾರಾದರೂ ಹಿರಿಯರು ತಮ್ಮ ಎದುರಿಗೆ ಹೇಳಲಿ. ಹೇಳಿದರೆ ತಾವೇ ನಿಂತು ಲಗ್ನ ಮಾಡಿಸುವುದಾಗಿ ಮಾತು ಕೊಟ್ಟರು.

ನಾಗೇಂದ್ರಪ್ಪನಿಗೆ ಹೋದ ಜೀವ ಬಂತು. ಅವನಿಗೆ ಊರಿಗೇನು ಬರವೇ?

ಮರುದಿನವೇ ಮೂಕಪ್ಪ, ನಾನು, ಅವನು ಮೂವರೂ ಗೋವಿನಕೋವಿಗೆ ಹೋದೆವು. ಅಲ್ಲಿ ಸರ್ವಮಂಗಳಮ್ಮ ಎಂಬ ಹಿರಿಯಾಕೆ, ಇವನ ಅಂಗಡಿಯಲ್ಲಿ ಮೂರು ಹೆಣ್ಣುಮಕ್ಕಳ ಮದುವೆಯ ಪಾತ್ರೆ ಕೊಂಡವರು, ಜಗಲಿಯ ಮೇಲೆ ಕೂತಿದ್ದರು. ಮೂಕಪ್ಪ ಕೇಳುವುದಕ್ಕೂ ಬಿಡದೆ, ನಾಗೇಂದ್ರಪ್ಪ ನಮ್ಮೂರಿನವನೇ, ಇವನ ಅಪ್ಪನನ್ನು ನಾನೇ ಎತ್ತಿ ಆಡಿಸಿದ್ದೇನೆ ಎಂದುಬಿಟ್ಟರು. ಲೆಕ್ಕ ಹಾಕಿದರೆ ಇವನ ಅಪ್ಪನೇ ಆಕೆಯನ್ನು ಎತ್ತಿ ಆಡಿಸಬೇಕಿತ್ತು. ಆದರೆ ಪ್ರೀತಿಯಿಂದ ಸಾಕ್ಷಿ ಹೇಳುವವರ ವಯಸ್ಸು ಯಾರು ಕೇಳುತ್ತಾರೆ? ಮೂಕಪ್ಪ ತಲೆ ಆಡಿಸಿದರು. ನಾಗೇಂದ್ರಪ್ಪ ನನ್ನ ಕೈ ಹಿಸುಕಿದ. ಆ ನಿಮಿಷಕ್ಕೆ ಎದ್ದು ಬಂದಿದ್ದರೆ ಕಾವ್ಯಶ್ರೀ ಇವತ್ತು ಜಗಳೂರಿನ ಸೊಸೆ.

ಸರ್ವಮಂಗಳಮ್ಮ ಊಟ ಮಾಡದೆ ಕಳಿಸುವುದಿಲ್ಲ ಎಂದರು. ಊಟಕ್ಕೆ ಕೂತಾಗ, ಹೆಂಡತಿಯ ತವರಿಗೆ ಬಂದಿದ್ದ ಅವರ ಅಳಿಯ ಸತೀಶ್ ಕುಮಾರ್ ಒಳಗಿನಿಂದ ಬಂದು ನಾಗೇಂದ್ರಪ್ಪನನ್ನು ಕಂಡು ಹಿಗ್ಗಿಹೋದ. ಅವನು ಚನ್ನಗಿರಿ ಕಡೆಯ ನಲ್ಲೂರಿನವನು.

"ಅತ್ತೆ, ಇವ್ರು ನಮ್ಮೂರೋರು" ಎಂದ. "ನಮ್ಮ ಅಡಿಕೆ ಮಂಡಿ ಹಿಂದಿನ ಮನೆಯೋರು."

ಸರ್ವಮಂಗಳಮ್ಮ ಅನ್ನದ ಕೈ ಹಾಗೇ ಹಿಡಿದು, ಹೆಣ್ಣು ಕೊಟ್ಟೆವು ಎಂದು ನಮ್ಮೂರಿನ ಗಂಡಸರನ್ನೂ ಕೊಡಲು ಆಗುವುದಿಲ್ಲ ಎಂದರು. ಅಳಿಯ ಒಪ್ಪಲಿಲ್ಲ. ಈ ಮನುಷ್ಯ ತನ್ನ ತಾತನ ಹೆಸರು ಹಿಡಿದು ಹೇಳಿದ್ದಾನೆ ಎಂದ. ತಾತನ ಹೆಸರನ್ನು ತಾನೇ ಬಾಯಿಬಿಟ್ಟದ್ದು ಅವನಿಗೆ ನೆನಪಿರಲಿಲ್ಲ. ಅತ್ತೆ ಅಳಿಯಂದಿರ ದನಿ ಏರಿತು. ಅಕ್ಕಪಕ್ಕದವರು ಬಂದು ಸೇರಿದರು, ಅವರೂ ಎರಡು ಪಕ್ಷವಾದರು. ನಾಗೇಂದ್ರಪ್ಪ ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಅವನು ನಮ್ಮವನು ಎಂದು ಯಾರಾದರೂ ಜಗಳ ಆಡಲಿ ಎಂದು ಅವನು ಜೀವಮಾನವೆಲ್ಲ ಆಸೆಪಟ್ಟಿದ್ದ. ಅದು ಆ ದಿನವೇ ನಡೆಯಬೇಕಿತ್ತೇ ಎಂದು ನನಗೆ ಕೋಪ ಬಂತು.

ವಾಪಸು ಬರುವ ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುತ್ತಾ, ಹೊನ್ನಾಳಿಯಲ್ಲಿ ನಮ್ಮ ಓಣಿಯವರು, ಥುಂಗ್‌ಹ್ಯೋಂಗ್ ಎಂದು ನಾಗೇಂದ್ರಪ್ಪನನ್ನು ಮೂಕಪ್ಪನಿಗೆ ಪರಿಚಯ ಮಾಡಿಕೊಟ್ಟ. ಮೂಕಪ್ಪ ಹಾದಿಯುದ್ದಕ್ಕೂ ಮಾತಾಡಲಿಲ್ಲ. ಅದೊಂದು ದಿನ ಮಾತ್ರ ಅವರು ಹೆಸರಿಗೆ ತಕ್ಕಂತೆ ಇದ್ದರು. ಇಳಿಯುವಾಗ ನನ್ನ ಕಿವಿಯಲ್ಲಿ, ಎಲ್ಲರೂ ನಮ್ಮವನು ಎನ್ನುತ್ತಾರೆ, ಎಲ್ಲರದನ್ನೂ ನಂಬಿದರೆ ಈ ಹುಡುಗಿಗೆ ನಾಲ್ಕು ತಾಲ್ಲೂಕಿನಲ್ಲಿ ಗಂಡು ಸಿಗುವುದಿಲ್ಲ, ಬರೀ ಅಣ್ಣಂದಿರು ಎಂದರು.

ರಂಗಣ್ಣನಿಗೆ ಇದೆಲ್ಲ ತಲುಪಿತು. ಅವರು ಒಬ್ಬರೇ ಬಸ್ಸು ಹತ್ತಿ ಬಂದು ನಾಗೇಂದ್ರಪ್ಪನ ಅಂಗಡಿಯಲ್ಲಿ ಅದೇ ಕೊಪ್ಪರಿಗೆಯ ಮೇಲೆ ಕೂತರು. ಹುಡುಗ ಊಟ ಬಿಟ್ಟಿದ್ದಾನೆ, ತನಗೂ ನೋಡಲು ಆಗುತ್ತಿಲ್ಲ ಎಂದರು. ಸಾಕ್ಷಿ ಗೀಕ್ಷಿ ಏನೂ ಬೇಡ, ಬನ್ನೀಕಟ್ಟೆಗೆ ಹೋಗೋಣ, ಆಂಜನೇಯನ ಪಾದ ಮುಟ್ಟಿ ಇದು ನಮ್ಮೂರಲ್ಲ ಎಂದು ನೀನು ಒಂದು ಮಾತು ಹೇಳು, ಚಿಕ್ಕಪ್ಪನನ್ನು ನಾನು ಒಪ್ಪಿಸುತ್ತೇನೆ ಎಂದರು. ಆಮೇಲೆ ಅಷ್ಟೇ ಮೆಲ್ಲಗೆ, "ನಿಜ ಹೇಳ್ಬೇಕಂದ್ರೆ, ನೀನು ಅಲ್ಲ ಅನ್ನೋದು ನನಗೂ ಕೇಳಾಕೆ ಇಷ್ಟ ಇಲ್ಲ ತಮ್ಮ" ಎಂದರು.

ಬನ್ನೀಕಟ್ಟೆ ಜಗಳೂರಿನಿಂದ ಆಚೆ, ಬಸ್ಸು ಹೋಗದ ಕಡೆ ಇತ್ತು. ಮೂಕಪ್ಪ, ದುರುಗೇಶ್, ನಾನು ಎಲ್ಲರೂ ಆಟೋ ಮಾಡಿಕೊಂಡು ಹೋದೆವು. ಜಾಲಿ ಮುಳ್ಳು, ನಾಲ್ಕಾರು ಕಲ್ಲಿನ ಪಾಯ, ಮಾಡಿಲ್ಲದ ಗುಡಿಯಲ್ಲಿ ಎಣ್ಣೆ ಕಾಣದ ಆಂಜನೇಯ. ನಾಗೇಂದ್ರಪ್ಪ ಗುಡಿಗೆ ಹೋಗುವ ಮುಂಚೆ ಬಾವಿಯ ಹತ್ತಿರ ನಿಂತ. ಅದರ ಕಟ್ಟೆಯ ಕಲ್ಲನ್ನು ಕೈಯಿಂದ ಸವರಿದ. ಆಮೇಲೆ ಕರಕಲಾಗಿದ್ದ ಬೇವಿನ ಬುಡಕ್ಕೆ ಹೋಗಿ ಅಲ್ಲಿ ನಿಂತ. ನನಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿತು. ಬೇಗ ಬಾರಯ್ಯ, ಮುಟ್ಟಿ ಹೇಳಿ ಹೋಗೋಣ ಎಂದೆ.

ಅವನು ದೇವರ ಪಾದದ ಮೇಲೆ ಕೈ ಇಟ್ಟ. ಮೂಕಪ್ಪ ಕಾದರು, ರಂಗಣ್ಣ ಕಾದರು, ದುರುಗೇಶ್ ಕಾದ. ಜಾಲಿಯಲ್ಲಿ ಒಂದು ಹಕ್ಕಿ ಕೂಗುತ್ತಿತ್ತು. ಅರ್ಧ ಜಿಲ್ಲೆಯನ್ನು ತನ್ನದೆಂದು ಬಾಯಿಮಾತಿನಲ್ಲಿ ಹೇಳಿಕೊಂಡು ತಿರುಗಿದವನಿಗೆ, ಒಂದು ಹಾಳೂರನ್ನು ತನ್ನದಲ್ಲ ಎನ್ನುವುದು ಎಷ್ಟು ಹೊತ್ತಿನ ಕೆಲಸ?

"ನಮ್ಮಪ್ಪಂಗೆ ಒಂದು ಬಾವಿ ನೆನಪಿತ್ತು" ಎಂದ ನಾಗೇಂದ್ರಪ್ಪ. "ಒಂದು ಬೇವಿನ ಮರ, ಒಂದು ಆಂಜನೇಯ. ಇದು ನಮ್ಮೂರು ಹೌದೋ ಅಲ್ವೋ ನನಗೆ ಗೊತ್ತಿಲ್ರಿ. ಗೊತ್ತಿಲ್ದಿದ್ದನ್ನ ದೇವ್ರ ಮುಟ್ಟಿ ಹೆಂಗೆ ಹೇಳ್ಲಿ?"

ಇಂಥ ಬಾವಿ ಊರಿಗೊಂದಿದೆ ಕಣೋ ಎಂದು ನಾನು ಕೂಗಾಡಿದೆ. ಮೂಕಪ್ಪ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಗೊತ್ತಿಲ್ಲ ಎಂದಮೇಲೆ ಇದೇ ಇದ್ದರೂ ಇರಬಹುದು, ಇರಬಹುದು ಎಂದಮೇಲೆ ತಂಗಿಯನ್ನು ತರುವುದಾಗುವುದಿಲ್ಲ ಎಂದು ಮುಗಿಸಿದರು. ರಂಗಣ್ಣ ಬಂದು ನಾಗೇಂದ್ರಪ್ಪನ ಹೆಗಲ ಮೇಲೆ ಕೈ ಹಾಕಿದರು. ಅವರು ಅಳುತ್ತಿದ್ದರು. ಮಗನಿಗೋಸ್ಕರವೋ ಸಿಕ್ಕ ತಮ್ಮನಿಗೋಸ್ಕರವೋ ಹೇಳುವುದು ಕಷ್ಟ.

ಮನೆಯಲ್ಲಿ ಕಾವ್ಯಶ್ರೀ ಕೂಗಾಡಲಿಲ್ಲ. ಎಲ್ಲ ಕೇಳಿಸಿಕೊಂಡು, ಅಪ್ಪನ ಎದುರಿಗೆ ಬಂದು ನಿಂತಳು.

"ಕಂಡಕ್ಟರಿಗೆ ಹೇಳ್ದಿ, ಸರ್ವೆಯೋರಿಗೆ ಹೇಳ್ದಿ, ದಾರ್ಯಾಗೆ ಹೋಗೋರಿಗೆಲ್ಲಾ ಸುಳ್ಳು ಹೇಳ್ದಿ" ಎಂದಳು. "ನನಗೋಸ್ಕರ ಒಂದು ಹೇಳಾಕೆ ಆಗ್ಲಿಲ್ಲೇನಪ್ಪಾ?"

ನಾಗೇಂದ್ರಪ್ಪ ಚಪ್ಪಲಿ ಮೆಟ್ಟಿ ಅಂಗಡಿಯ ಕಡೆ ನಡೆದ. ನಾನೂ ಅವನ ಹಿಂದೆಯೇ ಹೊರಟೆ.

ಇಬ್ಬರೂ ಓಡಿಹೋಗಿ ರಿಜಿಸ್ಟ್ರಿ ಮಾಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕಾವ್ಯಶ್ರೀ ಅದನ್ನೂ ಕೇಳಿದಳು. ಎಂಥ ಗಾಳಿ ಮಳೆಯಲ್ಲೂ ಕಂಬ ಹತ್ತಲು ಹೆದರದ ಹುಡುಗ ಗಾದ್ರಮ್ಮನ ಕಣ್ಣೀರಿಗೆ ಹೆದರಿದ. ತಂಗಿಯನ್ನು ಮಾಡಿಕೊಂಡ ಎಂದು ಜನ ಆಡಿಕೊಂಡರೆ ಅವ್ವ ಬದುಕುವುದಿಲ್ಲ ಎಂದ. ಜಗಳೂರಿಗೇ ವರ್ಗ ಮಾಡಿಸಿಕೊಂಡು ಹೋದ. ಸೊಸೈಟಿಯ ಕರೆಂಟು ಅಂದಿನಿಂದ ಒಂದು ದಿನವೂ ಹೋಗಿಲ್ಲ. ನಾಗೇಂದ್ರಪ್ಪ ಗಿರಾಕಿಗಳಿಗೆ ಯಾವೂರು ಎಂದು ಈಗಲೂ ಕೇಳುತ್ತಾನೆ. ಅವರು ಹೇಳಿದ್ದನ್ನು ಪಾತ್ರೆಯ ಮೇಲೆ ಹಾಕಿ ಸುಮ್ಮನಾಗುತ್ತಾನೆ. ನಮ್ಮೂರವನು ಬದಲಾಗಿಬಿಟ್ಟ, ದುಡ್ಡು ಬಂದಿರಬೇಕು ಎಂದು ಸರ್ವಮಂಗಳಮ್ಮ ನನ್ನ ಹತ್ತಿರ ದೂರಿದರು.

ಮುಂದಿನ ವರ್ಷ ರಂಗಣ್ಣ ಲಗ್ನಪತ್ರಿಕೆ ಹಿಡಿದು ಬಂದರು. ದುರುಗೇಶನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು. ಪತ್ರಿಕೆಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲಿ ನಾಗೇಂದ್ರಪ್ಪನ ಹೆಸರನ್ನು ಅಚ್ಚು ಹಾಕಿಸಿದ್ದರು. ಆ ಮನುಷ್ಯನಿಗೆ ಕಪಟ ಗೊತ್ತಿಲ್ಲ. ತನಗೆ ಹೆಣ್ಣುಮಕ್ಕಳಿಲ್ಲ, ಮದುವೆಯಲ್ಲಿ ಕಳಸ ಹಿಡಿಯಲು ಮನೆ ಮಗಳೊಬ್ಬಳು ಬೇಕು, ಕಾವ್ಯಶ್ರೀ ಬರಬೇಕು ಎಂದು ಕೈ ಮುಗಿದರು. ಸಾವಂತ್ರಮ್ಮ ಒಳಗೆ ಹೋಗಿ ಪಾತ್ರೆ ಎತ್ತಿ ಕುಕ್ಕಿದಳು. ನಾಗೇಂದ್ರಪ್ಪ ಬೇಡಣ್ಣ ಎಂದು ಎರಡು ಸಲ ಹೇಳಿದ.

"ತಂಗಿ ಅಂತ ಮಾಡೀರಲ್ಲ" ಎಂದಳು ಕಾವ್ಯಶ್ರೀ. "ತಂಗೀದು ಏನೈತೋ ಅದನ್ನ ಮಾಡ್ತೀನಿ."

ಅವಳು ಮಾಡಿದಳು. ಮದುವೆ ಮಂಟಪದಲ್ಲಿ ದುರುಗೇಶನ ಹಿಂದೆ ಕಳಸ ಹಿಡಿದು ನಿಂತಳು. ಬಂದವರೆಲ್ಲ ಮದುಮಗನ ತಂಗಿ ಎಷ್ಟು ಲಕ್ಷಣವಾಗಿದ್ದಾಳೆ ಎಂದರು. ಮದುಮಗ ಮುಹೂರ್ತ ಮುಗಿಯುವವರೆಗೂ ತಲೆ ಎತ್ತಲಿಲ್ಲ, ಬಹಳ ನಾಚಿಕೆಯ ಹುಡುಗ ಎಂದೂ ಅಂದರು.

ಸಂಜೆ ಮನೆ ತುಂಬಿಸಿಕೊಳ್ಳುವಾಗ ಬಾಗಿಲು ತಡೆಯುವ ಶಾಸ್ತ್ರ. ಮದುಮಗನ ತಂಗಿ ಹೊಸ್ತಿಲಿಗೆ ಕೈ ಅಡ್ಡ ಇಟ್ಟು, ನಿಮಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೇವೆ ಎಂದರೆ ಮಾತ್ರ ಒಳಗೆ ಬಿಡುತ್ತೇನೆ ಎನ್ನಬೇಕು. ಕಾವ್ಯಶ್ರೀ ಕೈ ಅಡ್ಡ ಇಟ್ಟಳು. ಹೆಂಗಸರು ಕೇಳವ್ವಾ, ಕೇಳು ಎಂದು ನಕ್ಕರು. ಅವಳು ದುರುಗೇಶನ ಮುಖ ನೋಡಿದಳು, ಅವನು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ನೋಡುತ್ತಿದ್ದ.

"ಮಗಳನ್ನ ಕೊಡ್ತೀಯೇನಣ್ಣಾ?" ಎಂದಳು.

ಏನೂ ಅರಿಯದ ಮದುಮಗಳು ನಕ್ಕು, ಕೊಡ್ತೀವಿ ಬಿಡ್ರಿ ಎಂದಳು. ಕಾವ್ಯಶ್ರೀ ಕೈ ತೆಗೆದಳು.

ನಾಗೇಂದ್ರಪ್ಪ ಅಂಗಳದಲ್ಲಿ ನನ್ನ ಪಕ್ಕ ನಿಂತಿದ್ದ. ನನ್ನ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು, ನನಗೊಬ್ಬನಿಗೇ ಕೇಳಿಸುವಂತೆ, "ಅದು ನಮ್ಮೂರಲ್ಲ ಕಣಯ್ಯ. ಯಾವ ದೇವ್ರ ಮುಟ್ಟಿ ಬೇಕಾದ್ರೂ ಹೇಳ್ತೀನಿ, ಅದು ನಮ್ಮೂರಲ್ಲ" ಎಂದ.

ಅಷ್ಟರಲ್ಲಿ ಸೇರು ಉರುಳಿ ಅಕ್ಕಿ ಚೆಲ್ಲಿ, ಮದುಮಕ್ಕಳು ಒಳಗೆ ಹೋಗಿಯಾಗಿತ್ತು.